ಬೋರ್ಡಿನಲ್ಲಿ ಜಾಗ ಸಿಕ್ಕಿತು, ಅಕ್ಷರ ಎಲ್ಲಿ?

(ಕನ್ನಡ ತರುಣರ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ನೆಲ, ಜಲ, ಉದ್ಯೋಗ, ಶಿಕ್ಷಣ ಇವುಗಳ ಬಗ್ಗೆ ಈ ವೇದಿಕೆಯಿಂದ ಹಿರಿಯರು ಬಹಳ ಮಾತಾಡಿದ್ದಾರೆ. ನಾನು ಇಂದು ಅಕ್ಷರದ ದಪ್ಪದ ಬಗ್ಗೆ ಮಾತಾಡಲು ನಿಂತಿದ್ದೇನೆ. ನಗಬೇಡಿ. ಅಕ್ಷರ ದಪ್ಪಗಿದ್ದರೇನು, ತೆಳ್ಳಗಿದ್ದರೇನು, ಕನ್ನಡ ಇದ್ದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು! ಅದು ಏಕೆ ಸಾಲದು ಎಂಬುದೇ ಇವತ್ತಿನ ನನ್ನ ಮಾತು.

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕದ ಹೋರಾಟ ನಡೆಯಿತು. ನಿಮ್ಮಲ್ಲಿ ಕೆಲವರು ಬಿಸಿಲಲ್ಲಿ ನಿಂತಿರಿ, ಕೆಲವರು ಪೊಲೀಸ್ ವ್ಯಾನ್ ಹತ್ತಿದಿರಿ. ಅದರ ಬೆನ್ನಿಗೇ 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು. ಅಂಗಡಿ, ಕಚೇರಿ, ಹೋಟೆಲು, ಆಸ್ಪತ್ರೆಗಳ ಬೋರ್ಡಿನಲ್ಲಿ ಶೇ. 60 ಭಾಗ ಕನ್ನಡವಿರಬೇಕು ಎಂದು ಕಾನೂನಾಯಿತು. ಅದು ಗೆಲುವೇ. ಯಾರೂ ಅದನ್ನು ಸಣ್ಣದು ಮಾಡಬೇಡಿ.

ಆದರೆ ಈಗ ಒಂದು ಕೆಲಸ ಮಾಡಿ. ನಿಮ್ಮ ಬಡಾವಣೆಯ ಯಾವುದಾದರೂ ದೊಡ್ಡ ರಸ್ತೆಗೆ ಹೋಗಿ, ರಸ್ತೆಯ ಈ ಬದಿ ನಿಂತು ಆ ಬದಿಯ ಬೋರ್ಡುಗಳನ್ನು ಓದಿ. ಕನ್ನಡ ಮೇಲೆ ಇದೆ, ಜಾಗವೂ ಹೆಚ್ಚಿದೆ. ಆದರೂ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಕೆಳಗಿನ ಇಂಗ್ಲಿಷಿಗೆ! ಕನ್ನಡಿಗನ ಕಣ್ಣೂ ಅಲ್ಲಿಗೇ ಹೋಗುತ್ತದೆ. ನಮ್ಮ ಅಭಿಮಾನ ಕಡಿಮೆಯಾಗಿ ಹೀಗಾದದ್ದಲ್ಲ. ಇದರ ಹಿಂದೆ ಒಂದು ಲೆಕ್ಕವಿದೆ.

ಶೇಕಡಾವಾರಿನ ಒಳಗುಟ್ಟು

ಹತ್ತು ಅಡಿ ಅಗಲ, ಮೂರು ಅಡಿ ಎತ್ತರದ ಒಂದು ಬೋರ್ಡ್ ಇದೆ ಎಂದಿಟ್ಟುಕೊಳ್ಳಿ. ಒಟ್ಟು ಮೂವತ್ತು ಚದರಡಿ. ಶೇ. 60 ಎಂದರೆ ಹದಿನೆಂಟು ಚದರಡಿ ಕನ್ನಡಕ್ಕೆ. ಅಂದರೆ ಎತ್ತರದಲ್ಲಿ 21.6 ಅಂಗುಲದ ಪಟ್ಟಿ ಕನ್ನಡಕ್ಕೆ, 14.4 ಅಂಗುಲದ ಪಟ್ಟಿ ಇಂಗ್ಲಿಷಿಗೆ.

ಈಗ ಅಕ್ಷರ ಬರೆಯಿರಿ. ಇಂಗ್ಲಿಷಿನಲ್ಲಿ ಎಲ್ಲ ದೊಡ್ಡಕ್ಷರವಾದರೆ ಮೇಲೂ ಏನಿಲ್ಲ, ಕೆಳಗೂ ಏನಿಲ್ಲ. ಆ 14.4 ಅಂಗುಲ ಪೂರ್ತಿ ಅಕ್ಷರದ ಮೈಗೇ ಸಿಗುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ಶ್ರೀಕೃಷ್ಣ ಸ್ಟೋರ್ಸ್’ ಎಂದು ಬರೆಯಲು ಹೊರಟರೆ ಮೇಲೆ ಗುಡಿಸು, ಎತ್ವಗಳಿಗೆ ಜಾಗ ಬೇಕು. ಕೆಳಗೆ ವಟ್ರಸುಳಿಗೆ, ಒತ್ತಕ್ಷರಗಳಿಗೆ ಜಾಗ ಬೇಕು. ಅಕ್ಷರದ ಮೈಗೆ ಪಟ್ಟಿಯ ಅರ್ಧ ಉಳಿಯಿತು ಎಂದರೂ 10.8 ಅಂಗುಲ. ಜಾಗ ಕನ್ನಡಕ್ಕೆ ಹೆಚ್ಚು, ಮೈ ಇಂಗ್ಲಿಷಿಗೆ ಹೆಚ್ಚು! ಕಾನೂನು ಪಾಲಿಸಿದ ಬೋರ್ಡಿನಲ್ಲೂ ಕನ್ನಡ ಕುಳ್ಳಗೆ ಕಾಣುವುದು ಹೀಗೆ. ಶೇ. 60 ಎಂಬುದು ಜಾಗದ ಲೆಕ್ಕ, ಓದಿನ ಲೆಕ್ಕ ಬೇರೆ.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಕೆಳಗಿರುವ ಇಂಗ್ಲಿಷ್ ಅಕ್ಷರವನ್ನು ಬೋರ್ಡಿಗೆಂದೇ, ದೂರದಿಂದ ಕಾಣಲೆಂದೇ ಯಾರೋ ಒಬ್ಬ ಮನುಷ್ಯ ಕೂತು ಬರೆದಿದ್ದಾನೆ. ಮೇಲಿರುವ ಕನ್ನಡ ಅಕ್ಷರವನ್ನು ಬಹಳ ಸಲ ಪುಸ್ತಕದ ಪುಟಕ್ಕೆ ಬರೆದಿರುತ್ತಾರೆ. ಅದನ್ನೇ ಯಂತ್ರದಲ್ಲಿ ಉಬ್ಬಿಸಿ ಬೋರ್ಡಿಗೆ ಹತ್ತಿಸಿರುತ್ತಾರೆ. ಇವೆರಡರ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ದಪ್ಪಕ್ಷರದ ಹುಟ್ಟನ್ನು ತಿಳಿಯಬೇಕು.

ದಪ್ಪಕ್ಷರ ಹುಟ್ಟಿದ್ದು ಗೋಡೆಯ ಮೇಲೆ

ಅಚ್ಚು ಶುರುವಾದ ಮೇಲೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಅಚ್ಚಿನ ಮೊಳೆಗಳು ಮುಖ್ಯವಾಗಿ ಪುಸ್ತಕಕ್ಕೆಂದೇ ಇದ್ದವು. ಕೈಯಲ್ಲಿ ಹಿಡಿದು, ಒಂದಡಿ ದೂರದಿಂದ ಓದುವ ಅಕ್ಷರ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಕಾಲ ಬದಲಾಯಿತು. ಕಾರ್ಖಾನೆಗಳು ಬಂದವು, ಮಾರುವ ಸರಕು ಹೆಚ್ಚಿತು, ಲಾಟರಿ ಚೀಟಿ ಮಾರುವವರು ಹೆಚ್ಚಿದರು. ಎಲ್ಲರ ಭಿತ್ತಿಪತ್ರಗಳೂ ಒಂದೇ ಗೋಡೆಯ ಮೇಲೆ ಜಗಳಕ್ಕೆ ಬಿದ್ದವು. ನಡೆದು ಹೋಗುವವನ ಕಣ್ಣು ಹಿಡಿಯಬೇಕು. ಪುಸ್ತಕದ ಅಕ್ಷರ ಅಲ್ಲಿ ಸೋತಿತು.

ಆಗ ರಾಬರ್ಟ್ ಥಾರ್ನ್ ಎಂಬ ಮೊಳೆ ಎರಕದವನು ಮತ್ತು ಅವನಂಥ ಇತರರು ಅಕ್ಷರದ ನಿಂತ ಗೆರೆಗಳನ್ನು ಕಂಬದಷ್ಟು ದಪ್ಪ ಮಾಡಿದರು, ತೆಳು ಗೆರೆಗಳನ್ನು ಕೂದಲೆಳೆಯಷ್ಟೇ ಉಳಿಸಿದರು. ಅದಕ್ಕೆ ‘ಫ್ಯಾಟ್ ಫೇಸ್’ ಎಂದು ಹೆಸರಾಯಿತು. ನಮ್ಮ ಮಾತಲ್ಲಿ ಹೇಳುವುದಾದರೆ ದಢೂತಿ ಅಕ್ಷರ. ಸ್ವಲ್ಪ ಕಾಲದಲ್ಲೇ ವಿನ್ಸೆಂಟ್ ಫಿಗಿನ್ಸ್ ಎಂಬಾತ ಇಟ್ಟಿಗೆಯಂಥ ಚೌಕ ಪಾದದ ದಪ್ಪಕ್ಷರ ತಂದ. 1827ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಡೇರಿಯಸ್ ವೆಲ್ಸ್ ಮರದಲ್ಲಿ ದೊಡ್ಡ ಅಕ್ಷರಗಳನ್ನು ಯಂತ್ರದಿಂದ ಕೊರೆಯತೊಡಗಿದ. ದೊಡ್ಡ ಸೀಸದ ಮೊಳೆ ಭಾರ, ದುಬಾರಿ. ಮರ ಹಗುರ, ಅಗ್ಗ. ಅಲ್ಲಿಂದ ಮುಂದೆ ಗೋಡೆಯ ಅಕ್ಷರವೇ ಬೇರೆ, ಪುಟದ ಅಕ್ಷರವೇ ಬೇರೆ ಎಂದಾಯಿತು. ಗೋಡೆಯ ಅಕ್ಷರಕ್ಕೆ ಇಂಗ್ಲಿಷಿನವರು ‘ಡಿಸ್‌ಪ್ಲೇ’ ಎಂದರು. ನಾವು ಪ್ರದರ್ಶನಾಕ್ಷರ ಎನ್ನೋಣ.

‘ಸೆರಿಫ್’ ಎಂಬ ಮಾತನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಇಂಗ್ಲಿಷಿನ ಅಕ್ಷರದ ಗೆರೆ ಮುಗಿಯುವಲ್ಲಿ ಸಣ್ಣ ಪಾದದಂತೆ ಚಾಚಿಕೊಂಡಿರುತ್ತದಲ್ಲ, ಅದೇ ಸೆರಿಫ್. ರೋಮಿನ ಕಲ್ಲಿನ ಶಾಸನಗಳಿಂದ ಬಂದ ಬಳುವಳಿ ಅದು.

ಷಿಕಾಗೊದ ಕೂಪರ್ ಮಾಡಿದ್ದೇನು?

ಈಗ ಒಬ್ಬ ಮನುಷ್ಯನ ಕಥೆ ಕೇಳಿ. ಆಸ್ವಾಲ್ಡ್ ಬ್ರೂಸ್ ಕೂಪರ್. 1879ರಲ್ಲಿ ಅಮೆರಿಕದ ಒಹಾಯೊದಲ್ಲಿ ಹುಟ್ಟಿ, ಕಾನ್ಸಾಸಿನ ಒಂದು ಊರಿನಲ್ಲಿ ಬೆಳೆದವನು. ಚಿತ್ರ ಕಲಿಯಲು ಷಿಕಾಗೊಗೆ ಬಂದ. ಅಲ್ಲಿ ಅವನಿಗೆ ಅಕ್ಷರ ಬರೆಯಲು ಕಲಿಸಿದ ಗುರುವಿನ ಹೆಸರು ಫ್ರೆಡರಿಕ್ ಗೌಡಿ. ಗೌಡಿ ಎಂದ ಕೂಡಲೇ ನಮ್ಮ ಮಂಡ್ಯದ ಕಡೆಯವರೆಂದು ತಿಳಿಯಬೇಡಿ! ಅಮೆರಿಕದ ದೊಡ್ಡ ಅಕ್ಷರಶಿಲ್ಪಿ ಆತ. ಕೂಪರ್ 1904ರಲ್ಲಿ ಒಬ್ಬ ಜೊತೆಗಾರನೊಂದಿಗೆ ಜಾಹೀರಾತಿನ ಕೆಲಸದ ಅಂಗಡಿ ತೆರೆದ. ಅಲ್ಲಿ ಜಾಹೀರಾತಿಗೆ ಬೇಕಾದ ಅಕ್ಷರಗಳನ್ನು ಕೈಯಲ್ಲೇ ಬರೆಯುತ್ತಿದ್ದ. ಆ ಕೈ ನೋಡಿದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಷಿಕಾಗೊದ ಮೊಳೆ ಕಂಪನಿ, ನಮಗೂ ಅಕ್ಷರ ಬರೆದುಕೊಡು ಎಂದಿತು. ಮೊದಲು ಪುಸ್ತಕಕ್ಕೆ ಒಪ್ಪುವ ತೆಳು ರೂಪ ಬಂತು. 1922ರಲ್ಲಿ ದಪ್ಪ ರೂಪ ಬಂತು. ಅದರ ಹೆಸರು ‘ಕೂಪರ್ ಬ್ಲ್ಯಾಕ್’.

ಹೆಸರು ಕೇಳಿರದಿದ್ದರೂ ನೀವು ಅದನ್ನು ನೋಡಿದ್ದೀರಿ. 1966ರ ‘ಪೆಟ್ ಸೌಂಡ್ಸ್’ ಎಂಬ ಬೀಚ್ ಬಾಯ್ಸ್ ತಂಡದ ಹಾಡಿನ ತಟ್ಟೆಯ ಹೊದಿಕೆಯ ಮೇಲೆ ಅದೇ ಇದೆ. 1995ರಲ್ಲಿ ಶುರುವಾದ ಬ್ರಿಟನ್ನಿನ ಈಸಿಜೆಟ್ ವಿಮಾನಗಳ ಮೇಲೆ, ಕಿತ್ತಳೆ ಬಣ್ಣದ ಜೊತೆಗೆ, ಅದೇ ಇದೆ. ಉಬ್ಬಿದ ಪೂರಿಯಂಥ, ಮೂಲೆಯೇ ಇಲ್ಲದ ಅಕ್ಷರ.

ಕೂಪರ್ ಸುಮ್ಮನೆ ತನ್ನ ತೆಳು ಅಕ್ಷರಕ್ಕೆ ಕೊಬ್ಬು ತುಂಬಲಿಲ್ಲ. ಅವನು ಮಾಡಿದ್ದನ್ನು ಒಂದೊಂದಾಗಿ ನೋಡಿ.

ಒಂದು, ಸೆರಿಫ್‌ನ ಮೂಲೆಗಳನ್ನೆಲ್ಲ ಉರುಟು ಮಾಡಿದ. ಅಗ್ಗದ ಕಾಗದದಲ್ಲಿ ಶಾಯಿ ಹರಡಿದರೂ, ಮೊಳೆ ಸವೆದರೂ ಅಕ್ಷರ ಕೆಡುವುದಿಲ್ಲ. ಚೂಪು ಮೂಲೆ ಇದ್ದರೆ ತಾನೇ ಮೊಂಡಾಗುವುದು?

ಎರಡು, ಅಕ್ಷರದ ಹೊಟ್ಟೆಯೊಳಗಿನ ಬಿಳಿಯನ್ನು ಕಾಪಾಡಿದ. ದಪ್ಪಕ್ಷರದ ಪ್ರಾಣ ಇರುವುದು ಕಪ್ಪಿನಲ್ಲಲ್ಲ, ಒಳಗಿನ ಬಿಳಿಯಲ್ಲಿ. ಆ ಬಿಳಿ ಮುಚ್ಚಿದರೆ ಅಕ್ಷರ ಮಸಿಯ ಮುದ್ದೆ. ಕೂಪರ್ ಅಕ್ಷರದಲ್ಲಿ ಆ ಬಿಳಿ ಚಿಕ್ಕದು, ಆದರೆ ಎಲ್ಲೂ ಮುಚ್ಚಿಲ್ಲ. ‘ಓ’ ಅಕ್ಷರದ ಒಳಗಿನ ಬಿಳಿಯನ್ನು ತುಸು ಹಿಂದಕ್ಕೆ ವಾಲಿಸಿದ. ಅದರಿಂದ ಅಷ್ಟು ದಪ್ಪ ಅಕ್ಷರಕ್ಕೂ ಕೈಬರಹದ ಜೀವ ಬಂತು.

ಮೂರು, ಸಾಲಿನ ಕೆಳಗೆ ಇಳಿಯುವ ಬಾಲಗಳನ್ನು ಗಿಡ್ಡ ಮಾಡಿ, ಅಕ್ಷರದ ಮೈಯನ್ನು ದೊಡ್ಡದು ಮಾಡಿದ. ಇದ್ದ ಎತ್ತರದಲ್ಲೇ ಹೆಚ್ಚು ಕಾಣುವಂತಾಯಿತು. ನಾನು ಆಗ ಹೇಳಿದ ಬೋರ್ಡಿನ ಲೆಕ್ಕ ನೆನಪಿಸಿಕೊಳ್ಳಿ. ಮೈಗೆ ಎಷ್ಟು ಎತ್ತರ ಸಿಗುತ್ತದೆ ಎಂಬ ಅದೇ ಲೆಕ್ಕವನ್ನು ಕೂಪರ್ ನೂರು ವರ್ಷದ ಹಿಂದೆ ಹಾಕಿದ್ದ.

ಈ ಅಕ್ಷರ ಯಾರಿಗೆ ಎಂದರೆ, ದೂರದೃಷ್ಟಿಯ ಮುದ್ರಕರಿಗೆ, ಸಮೀಪದೃಷ್ಟಿಯ ಗಿರಾಕಿಗಳಿಗೆ ಎಂದು ಅವನು ತಮಾಷೆ ಮಾಡಿದ್ದನಂತೆ. ಮಡಿವಂತ ಮುದ್ರಕರು ಮೂಗು ಮುರಿದರು. ಜನ ಮಾತ್ರ ಮುಗಿಬಿದ್ದರು. ಎಷ್ಟೆಂದರೆ 1925ರಲ್ಲಿ ಗುರು ಗೌಡಿಯೇ, ಮತ್ತೊಂದು ಕಂಪನಿಗಾಗಿ, ಅದಕ್ಕೆ ಪೈಪೋಟಿಯಾಗಿ ಇನ್ನೊಂದು ದಪ್ಪಕ್ಷರ ಬರೆಯಬೇಕಾಯಿತು! ಕೂಪರ್ 1940ರಲ್ಲಿ ತೀರಿಕೊಂಡ. ಅವನ ಅಕ್ಷರ ಎರಕ ಹೊಯ್ದ ಕಂಪನಿ ಅದಕ್ಕೂ ಮೊದಲೇ, 1933ರಲ್ಲಿ, ಮುಚ್ಚಿತ್ತು. ಅಕ್ಷರ ಮಾತ್ರ ಸೀಸದಿಂದ ಫೋಟೋ ಜೋಡಣೆಗೆ, ಉಜ್ಜಿ ಅಂಟಿಸುವ ಹಾಳೆಗೆ, ಅಲ್ಲಿಂದ ಕಂಪ್ಯೂಟರಿಗೆ ಬಂದು ಇವತ್ತಿಗೂ ದುಡಿಯುತ್ತಿದೆ.

ಗೆಳೆಯರೇ, ನಮ್ಮ ರಸ್ತೆಯ ಬೋರ್ಡಿನ ಕೆಳಭಾಗದಲ್ಲಿ ಕೂತಿರುವ ಇಂಗ್ಲಿಷ್ ಒಂಟಿಯಾಗಿ ಬಂದಿಲ್ಲ. ಥಾರ್ನ್, ಫಿಗಿನ್ಸ್, ವೆಲ್ಸ್, ಕೂಪರ್ ಅಂಥವರ ಇನ್ನೂರು ವರ್ಷದ ದುಡಿಮೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದೆ. ಅದನ್ನು ಬೈದು ಪ್ರಯೋಜನವಿಲ್ಲ. ಟಾರು ಬಳಿದರೆ ಇಂಗ್ಲಿಷ್ ಅಳಿಸಬಹುದು, ಕನ್ನಡ ಮೂಡುವುದಿಲ್ಲ.

ನಮ್ಮ ದಾರಿ ಬೇರೆಯಾಯಿತು

ಹಾಗಾದರೆ ಆ ಇನ್ನೂರು ವರ್ಷ ನಾವೇನು ಮಾಡುತ್ತಿದ್ದೆವು? ನಿದ್ದೆ ಮಾಡುತ್ತಿರಲಿಲ್ಲ. ಲಂಡನ್ನಿನ ಗೋಡೆಯ ಮೇಲೆ ದಢೂತಿ ಅಕ್ಷರಗಳು ಕುಸ್ತಿ ಆಡುತ್ತಿದ್ದ ಹೊತ್ತಿಗೆ ಕನ್ನಡಕ್ಕೆ ಅಚ್ಚಿನ ಮೊಳೆಯೇ ಹೊಸತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಸಿರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮೊಳೆಯಲ್ಲಿ ಅಚ್ಚಾಗಲೇ ಇಲ್ಲ, ಕಲ್ಲಚ್ಚಿನಲ್ಲಿ ಅಚ್ಚಾಯಿತು.

ಇಂಗ್ಲಿಷಿಗೆ ದೊಡ್ಡಕ್ಷರ 26, ಚಿಕ್ಕಕ್ಷರ 26, ಮೇಲೆ ಅಂಕಿ, ಚಿಹ್ನೆ. ಕನ್ನಡಕ್ಕೆ ಸ್ವರ, ವ್ಯಂಜನ, ಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆ. ಒಂದು ಹೊಸ ದಪ್ಪ ರೂಪ ಬೇಕೆಂದರೆ ಆ ನೂರಾರನ್ನೂ ಮತ್ತೆ ಕೆತ್ತಬೇಕು, ಮತ್ತೆ ಎರಕ ಹೊಯ್ಯಬೇಕು. ದುಡ್ಡು ಹಾಕುವವರು ಕಡಿಮೆ. ಹೀಗಾಗಿ ಅಚ್ಚಿನಲ್ಲಿ ಕನ್ನಡದ ದಪ್ಪಕ್ಷರದ ಬಗೆಗಳು ಬೆರಳೆಣಿಕೆಯಷ್ಟೇ ಉಳಿದವು.

ಆ ಕೊರತೆ ತುಂಬಿದವರು ಯಾರು ಗೊತ್ತೇ? ನಮ್ಮ ಬೋರ್ಡ್ ಬರೆಯುವ ಕಲಾವಿದರು! ನೂಲಿಗೆ ಸುಣ್ಣ ಸವರಿ ಗೆರೆ ಹೊಡೆದು, ಸೀಮೆಸುಣ್ಣದಲ್ಲಿ ತಿದ್ದಿ, ಎನಾಮೆಲ್ ಬಣ್ಣದಲ್ಲಿ ಬರೆದವರು. ಅಂಗಡಿಯ ಹಲಗೆ, ಲಾರಿಯ ಹಣೆ, ಸಿನಿಮಾದ ಬ್ಯಾನರು, ನಾಟಕದ ಪರದೆ ಎಲ್ಲ ಅವರ ಕೈಯದೇ. ಒಂದೊಂದು ಹೆಸರಿಗೂ ಆ ಹೆಸರಿಗೆ ಒಪ್ಪುವ ಅಕ್ಷರ. ಒತ್ತು ಕೆಳಗೆ ಜಾಗ ತಿನ್ನುತ್ತದೆಯೇ? ಅದನ್ನು ಬಲಕ್ಕೆ ಸರಿಸಿ ಮುಂದಿನ ಅಕ್ಷರದ ಮಗ್ಗುಲಿಗೆ ಸೇರಿಸುತ್ತಿದ್ದರು. ಹೊಟ್ಟೆಯೊಳಗಿನ ಬಿಳಿ ಮುಚ್ಚುತ್ತದೆಯೇ? ಅಲ್ಲಿ ಗೆರೆಯನ್ನು ತುಸು ಸಣ್ಣ ಮಾಡುತ್ತಿದ್ದರು. ಕೂಪರ್ ಷಿಕಾಗೊದಲ್ಲಿ ಮಾಡಿದ್ದನ್ನೇ ಇವರು ನಮ್ಮ ಪೇಟೆಯ ಏಣಿಯ ಮೇಲೆ ನಿಂತು ಮಾಡುತ್ತಿದ್ದರು. ಒಂದೇ ವ್ಯತ್ಯಾಸ. ಕೂಪರನ ಅಕ್ಷರ ಅವನ ಹೆಸರಿನಲ್ಲೇ ಎರಕವಾಗಿ ಉಳಿಯಿತು. ನಮ್ಮವರದು ಮಳೆ ಬಿಸಿಲಿಗೆ ಅಳಿಸಿಹೋಯಿತು.

ಆಮೇಲೆ ಫ್ಲೆಕ್ಸ್ ಬಂತು, ವಿನೈಲ್ ಬಂತು, ಅಕ್ರಿಲಿಕ್ ಬಂತು, ಎಲ್‌ಇಡಿ ಬಂತು. ಬೋರ್ಡ್ ಬೇಗ ಆಯಿತು, ಅಗ್ಗವಾಯಿತು. ಏಣಿಯ ಮೇಲಿನ ಆ ವಿದ್ಯೆ ಮಾತ್ರ ಬಹುಪಾಲು ಯಂತ್ರದೊಳಗೆ ಹೋಗಲೇ ಇಲ್ಲ.

ಧನ ದನವಾದ ಬಗೆ

ಈಗ ಬೋರ್ಡ್ ಹೇಗೆ ತಯಾರಾಗುತ್ತದೆ ನೋಡಿ. ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಒಬ್ಬ ಹುಡುಗ. ಅವನ ಬಳಿ ಪುಟಕ್ಕೆಂದು ಬರೆದ ಒಂದು ಸಾಧಾರಣ ಕನ್ನಡ ಫಾಂಟು. ಗಿರಾಕಿ ಹೇಳುತ್ತಾನೆ: ಕನ್ನಡ ದಪ್ಪ ಮಾಡಪ್ಪ, ಆಮೇಲೆ ಗಲಾಟೆ ಬೇಡ. ಹುಡುಗ ‘ಬೋಲ್ಡ್’ ಗುಂಡಿ ಒತ್ತುತ್ತಾನೆ. ಆ ಫಾಂಟಿನಲ್ಲಿ ಯಾರೂ ದಪ್ಪ ರೂಪ ಬರೆದಿಟ್ಟಿಲ್ಲ. ಆಗ ಯಂತ್ರ ತಾನೇ ಗೆರೆಯ ಎರಡೂ ಬದಿಗೆ ಸಮನಾಗಿ ಮಾಂಸ ಹಚ್ಚುತ್ತದೆ. ಹೊರಗೆ ಅಕ್ಷರ ಊದುತ್ತದೆ, ಒಳಗೆ ಬಿಳಿ ಮುಚ್ಚುತ್ತದೆ. ಸಾಲದೆಂದು ಹುಡುಗ ಸುತ್ತ ಒಂದು ಹಳದಿ ಅಂಚು, ಹಿಂದೆ ಒಂದು ನೆರಳು ಸೇರಿಸುತ್ತಾನೆ. ಹುಡುಗನನ್ನು ಬೈಯಬೇಡಿ. ಅವನಿಗೆ ಯಾರೂ ಬೇರೆ ಅಕ್ಷರ ಕೊಟ್ಟಿಲ್ಲ.

ಇಂಗ್ಲಿಷಿಗಿಂತ ಕನ್ನಡಕ್ಕೆ ಇದು ದೊಡ್ಡ ಪೆಟ್ಟು. ಏಕೆಂದರೆ ನಮ್ಮ ಅಕ್ಷರಗಳ ನಡುವಿನ ವ್ಯತ್ಯಾಸ ಬಹಳ ಕಡೆ ಹೊಟ್ಟೆಯೊಳಗೆ ಅಥವಾ ಬುಡದಲ್ಲಿದೆ. ‘ದ’ಕ್ಕೆ ಹೊಟ್ಟೆ ಸೀಳಿದರೆ ‘ಧ’, ಒಳಗೆ ಚುಕ್ಕಿ ಇಟ್ಟರೆ ‘ಥ’. ‘ಬ’ಕ್ಕೆ ಸೀಳಿದರೆ ‘ಭ’, ‘ಪ’ಕ್ಕೆ ಸೀಳಿದರೆ ‘ಫ’, ‘ಡ’ಕ್ಕೆ ಸೀಳಿದರೆ ‘ಢ’. ‘ರ’ದೊಳಗೆ ಚುಕ್ಕಿ ಇಟ್ಟರೆ ‘ಠ’. ‘ಪ’ದೊಳಗೆ ಗೆರೆ ಎಳೆದರೆ ‘ಷ’. ಒಂದನೇ ತರಗತಿಯಲ್ಲಿ ನಾವೆಲ್ಲ ಸ್ಲೇಟಿನ ಮೇಲೆ ತಿದ್ದಿದ್ದು ಇದನ್ನೇ.

ಈಗ ಆ ಬಿಳಿ ಮುಚ್ಚಿಬಿಡಿ. ‘ಧನಲಕ್ಷ್ಮಿ’ ಎಂಬ ಹೆಸರು ರಸ್ತೆಯ ಆಚೆಯಿಂದ ‘ದನಲಕ್ಷ್ಮಿ’ ಆಗುತ್ತದೆ! ‘ಮಠ’ ಹೋಗಿ ‘ಮರ’ ಆಗುತ್ತದೆ. ‘ಪಾಠಶಾಲೆ’ ಹೋಗಿ ‘ಪಾರಶಾಲೆ’ ಆಗುತ್ತದೆ. ‘ಭಾರತ’ ಹೋಗಿ ‘ಬಾರತ’ ಆಗುತ್ತದೆ. ಒಳಗೆ ದೀಪ ಹಚ್ಚಿದ ಎಲ್‌ಇಡಿ ಅಕ್ಷರವಾದರೆ ರಾತ್ರಿ ಇನ್ನೂ ಕಷ್ಟ. ಬೆಳಕು ಹರಡಿ ಉಳಿದ ಸೀಳನ್ನೂ ನುಂಗುತ್ತದೆ. ಕನ್ನಡಕ್ಕೆ ಮಹಾಪ್ರಾಣ ಬೇಕೇ ಬೇಡವೇ ಎಂದು ವಿದ್ವಾಂಸರು ಚರ್ಚಿಸಿದ್ದಾರೆ, ಇನ್ನೂ ಚರ್ಚಿಸಲಿ. ಅದನ್ನು ತೀರ್ಮಾನಿಸಬೇಕಾದವರು ಕನ್ನಡಿಗರು. ಬೋರ್ಡ್ ಕತ್ತರಿಸುವ ಯಂತ್ರ ಅಲ್ಲ!

ಇದರ ಜೊತೆಗೆ ಇನ್ನೆರಡು ಅನ್ಯಾಯ. ಒಂದು, ಹೆಸರು ಉದ್ದವಾಯಿತೆಂದು ಅಕ್ಷರವನ್ನು ಅಕ್ಕಪಕ್ಕದಿಂದ ಅಮುಕುವುದು. ಆಗ ನಿಂತ ಗೆರೆ ಸಣಕಲಾಗುತ್ತದೆ, ಮಲಗಿದ ಗೆರೆ ದಪ್ಪಗೇ ಉಳಿಯುತ್ತದೆ. ಅಕ್ಷರ ಕಾಯಿಲೆ ಬಿದ್ದಂತೆ ಕಾಣುತ್ತದೆ. ಎರಡು, ಕನ್ನಡ ಅರಿಯದ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಬರಹ ಅಂಟಿಸಿ, ಒತ್ತು ಒಡೆದುಹೋದದ್ದನ್ನು ನೋಡದೆ ಹಾಗೇ ಬೋರ್ಡ್ ಮಾಡುವುದು. ‘ಕನ್ನಡ’ ಎಂಬ ಪದವೇ ‘ಕನ್‌ನಡ’ ಎಂದು ಬೀದಿಯಲ್ಲಿ ತೂಗುತ್ತದೆ. ಹೊಟ್ಟೆ ಉರಿಯುವುದಿಲ್ಲವೇ?

ಪಾದ ಎರವಲು ತರಬೇಡಿ

ಇಲ್ಲಿ ಒಂದು ಎಚ್ಚರಿಕೆ. ಕೂಪರ್ ಬ್ಲ್ಯಾಕ್ ಚೆನ್ನಾಗಿದೆ ಎಂದು ಹೇಳಿದೆ. ಹಾಗೆಂದು ಅದರ ಪಾದ ಕತ್ತರಿಸಿ ಕನ್ನಡದ ‘ಕ’ಕ್ಕೆ ಅಂಟಿಸಬೇಡಿ. ಅಂಥ ಫಾಂಟುಗಳೂ ಬರುತ್ತವೆ. ಕೋಟು ಹಾಕಿದ ಗೊಂಬೆಯ ಹಾಗೆ ಕಾಣುತ್ತವೆ.

ಕನ್ನಡದ ಗೆರೆ ನೆಲಕ್ಕೆ ಪಾದ ಊರಿ ನಿಲ್ಲುವುದಿಲ್ಲ. ಅದು ಉರುಳುತ್ತದೆ, ಸುತ್ತುತ್ತದೆ. ನಮ್ಮ ಅಕ್ಷರಕ್ಕೆ ಗುರುತು ಕೊಡುವುದು ತಲೆಕಟ್ಟು. ಗೆರೆ ಎಲ್ಲಿ ದಪ್ಪವಾಗಿ ಎಲ್ಲಿ ತೆಳುವಾಗುತ್ತದೆ, ತಲೆಕಟ್ಟು ಎಲ್ಲಿ ಮೊನಚಾಗುತ್ತದೆ, ಕೊಂಬು ಎಲ್ಲಿ ಸುರುಳಿಯಾಗಿ ಮುಗಿಯುತ್ತದೆ, ಇದೇ ನಮ್ಮ ಸೆರಿಫ್. ಕೂಪರನಿಂದ ನಾವು ಕಲಿಯಬೇಕಾದದ್ದು ಅವನ ಆಕಾರವನ್ನಲ್ಲ, ಅವನ ಕ್ರಮವನ್ನು. ಪ್ರತಿ ಅಕ್ಷರವನ್ನೂ ದಪ್ಪಕ್ಕೆಂದೇ ಹೊಸದಾಗಿ ಬರೆಯುವುದು, ಒಳಗಿನ ಬಿಳಿಯನ್ನು ಮೊದಲು ಕಾಯುವುದು, ಮೈಗೆ ಜಾಗ ಹೆಚ್ಚಿಸುವುದು. ಬಾಲವನ್ನು ಅವನು ಗಿಡ್ಡ ಮಾಡಿದ. ಒತ್ತನ್ನು ಹೇಗೆ ಅಡಕ ಮಾಡಬೇಕೆಂಬುದನ್ನು ನಮ್ಮ ಬೋರ್ಡ್ ಕಲಾವಿದರು ಆಗಲೇ ತೋರಿಸಿದ್ದಾರೆ.

ಇಲ್ಲ ಎನ್ನಬೇಡಿ, ಇದೆ

ಕನ್ನಡದಲ್ಲಿ ಒಳ್ಳೆಯ ದಪ್ಪಕ್ಷರವೇ ಇಲ್ಲ ಎಂದು ಬೋರ್ಡ್ ಮಾಡುವವರು ಹೇಳಿದರೆ ನಂಬಬೇಡಿ. ಈಗ ಇವೆ, ಅವೂ ಬಿಟ್ಟಿಯಾಗಿ, ಯಾರು ಬೇಕಾದರೂ ಬಳಸುವ ಮುಕ್ತ ಪರವಾನಗಿಯಲ್ಲಿ. ‘ನೋಟೊ ಸೆರಿಫ್ ಕನ್ನಡ’ದಲ್ಲಿ ತೀರ ತೆಳುವಿನಿಂದ ತೀರ ದಪ್ಪದವರೆಗೆ ಒಂಬತ್ತು ಹಂತಗಳಿವೆ. ದಪ್ಪ–ತೆಳುವಿನ ಏರಿಳಿತವಿರುವ, ಪುಸ್ತಕದ ಗಾಂಭೀರ್ಯ ಬಿಡದ ದಪ್ಪಕ್ಷರ ಬೇಕಾದವರು ಅದನ್ನು ನೋಡಿ. ಮುಂಬಯಿಯ ಏಕ್ ಟೈಪ್ ಬಳಗದವರ ‘ಬಲೂ ತಮ್ಮ’ ಉರುಟಾದ, ಗಟ್ಟಿಮುಟ್ಟಾದ ಬೋರ್ಡಿನ ಅಕ್ಷರ. ಅದೇ ಬಳಗದ ‘ಅನೇಕ್ ಕನ್ನಡ’ದಲ್ಲಿ ದಪ್ಪದ ಹಂತಗಳ ಜೊತೆಗೆ ಅಗಲದ ಹಂತಗಳೂ ಇವೆ. ಹೆಸರು ಉದ್ದವಾದರೆ ಅಮುಕಬೇಕಿಲ್ಲ, ಇಕ್ಕಟ್ಟಿಗೆಂದೇ ಬರೆದ ರೂಪ ತೆಗೆದುಕೊಂಡರಾಯಿತು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಾಯ ಕನಡಕ’ ಪ್ರದರ್ಶನಕ್ಕೆಂದೇ ಹುಟ್ಟಿದ್ದು.

ಇಷ್ಟು ಸಾಕೇ? ಸಾಲದು. ಇಂಗ್ಲಿಷಿನ ಉಗ್ರಾಣದ ಮುಂದೆ ಇದು ಒಂದು ಬೊಗಸೆ. ಮಿಠಾಯಿ ಅಂಗಡಿಗೆ ಒಂದು ಅಕ್ಷರ, ಕಬ್ಬಿಣದ ಅಂಗಡಿಗೆ ಒಂದು ಅಕ್ಷರ, ಸಿನಿಮಾಕ್ಕೆ ಒಂದು, ಪುಸ್ತಕದ ಮುಖಪುಟಕ್ಕೆ ಒಂದು ಬೇಕು. ಅದನ್ನು ಬರೆಯುವವರು ನಿಮ್ಮಲ್ಲೇ ಇರಬೇಕು.

ಇನ್ನು ನಿಮ್ಮ ಕೆಲಸ

ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗಬೇಡಿ. ಐದು ಕೆಲಸ ಹೇಳುತ್ತೇನೆ, ಬರೆದುಕೊಳ್ಳಿ.

1. ಬೋರ್ಡ್ ಅಚ್ಚಿಗೆ ಹೋಗುವ ಮುಂಚೆ ಕರಡು ಕೇಳಿ ನೋಡಿ. ಥ, ಧ, ಠ, ಢ, ಫ, ಭ, ಷ ಈ ಏಳು ಅಕ್ಷರ ಹುಡುಕಿ. ಕರಡನ್ನು ಮೊಬೈಲಿನಲ್ಲಿ ತೆರೆದು ತೋಳಿನಷ್ಟು ದೂರ ಹಿಡಿಯಿರಿ. ಸೀಳು, ಚುಕ್ಕಿ, ಗೆರೆ ಕಂಡರೆ ಸರಿ. ಕಾಣದಿದ್ದರೆ ವಾಪಸ್ ಕಳಿಸಿ.

2. ‘ಬೋಲ್ಡ್’ ಗುಂಡಿ ಬೇಡ, ದಪ್ಪವಾಗಿಯೇ ಬರೆದ ಫಾಂಟ್ ಹಾಕಿ ಎಂದು ಕೇಳಿ. ಅಮುಕುವುದು, ಎಳೆಯುವುದು ಬೇಡ ಎನ್ನಿ. ಒತ್ತಕ್ಷರ ಒಡೆದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

3. ಅಂಗಡಿಯವರ ಜೊತೆ ಮಾತಾಡುವಾಗ ಚದರಡಿಯ ಜೊತೆಗೆ ಮೈಯ ಎತ್ತರವನ್ನೂ ಕೇಳಿ. ಒತ್ತು, ಗುಣಿತ ಬಿಟ್ಟು ಕನ್ನಡ ಅಕ್ಷರದ ಮೈ, ಇಂಗ್ಲಿಷಿನ ದೊಡ್ಡಕ್ಷರಕ್ಕಿಂತ ಕುಳ್ಳಗಿರಬಾರದು. ಕಾನೂನಿನಲ್ಲಿ ಇದಿಲ್ಲ. ಆದರೆ ಚೆನ್ನಾಗಿ ಕಾಣುವ ಬೋರ್ಡಿನಿಂದ ವ್ಯಾಪಾರ ಅವರಿಗೇ ಹೆಚ್ಚುವುದು. ಗಲಾಟೆಯಿಂದ ಆಗದ್ದು ಈ ಒಂದು ಮಾತಿನಿಂದ ಆಗುತ್ತದೆ.

4. ಈ ನಿಯಮ ನಮ್ಮ ಸಂಘಗಳಿಂದಲೇ ಶುರುವಾಗಲಿ. ಈ ರಾಜ್ಯೋತ್ಸವಕ್ಕೆ ನೀವು ಮಾಡಿಸುವ ಬ್ಯಾನರಿನಲ್ಲಿ ಮೂರು ಅಂಚು, ಎರಡು ನೆರಳು, ಅದರೊಳಗೆ ಉಸಿರುಗಟ್ಟಿದ ಕನ್ನಡ ಬೇಡ. ಕೆಂಪಿನ ಮೇಲೆ ಹಳದಿ, ಒಂದೇ ಗಟ್ಟಿ ಅಕ್ಷರ, ಸುತ್ತ ಧಾರಾಳ ಜಾಗ. ಬಸ್ಸಿನಲ್ಲಿ ಹೋಗುವವನೂ ಓದಬೇಕು.

5. ನಿಮ್ಮ ಊರಿನಲ್ಲಿ ಉಳಿದಿರುವ ಕೈಬರಹದ ಬೋರ್ಡುಗಳ ಫೋಟೋ ತೆಗೆಯಿರಿ. ಬರೆದ ಕಲಾವಿದರು ಬದುಕಿದ್ದರೆ ಹೋಗಿ ಮಾತಾಡಿಸಿ, ಅವರ ಕೈ ನೋಡಿ, ಅಕ್ಷರಮಾಲೆ ಬರೆಸಿಕೊಳ್ಳಿ, ಅದಕ್ಕೆ ಸರಿಯಾದ ಕೂಲಿ ಕೊಡಿ. ಚಿತ್ರಕಲೆ, ಕಂಪ್ಯೂಟರ್ ಓದುತ್ತಿರುವ ತಂಗಿಯರೇ, ತಮ್ಮಂದಿರೇ, ಆ ಅಕ್ಷರಮಾಲೆಗೆ ಒತ್ತು, ಗುಣಿತ ಸೇರಿಸಿ ಫಾಂಟ್ ಮಾಡಿ, ಬರೆದವರ ಹೆಸರನ್ನೇ ಅದಕ್ಕಿಡಿ. ಷಿಕಾಗೊದ ಜಾಹೀರಾತು ಕಲಾವಿದನ ಹೆಸರು ನೂರು ವರ್ಷ ಉಳಿಯಬಹುದಾದರೆ, ನಮ್ಮ ಚಿಕ್ಕಪೇಟೆಯ, ಹುಬ್ಬಳ್ಳಿಯ, ಮೈಸೂರಿನ ಬೋರ್ಡ್ ಕಲಾವಿದನ ಹೆಸರು ಏಕೆ ಉಳಿಯಬಾರದು?

ಬಂಧುಗಳೇ, ಬೋರ್ಡಿನಲ್ಲಿ ಜಾಗ ಕೊಡಿಸುವುದು ಕಾನೂನಿನ ಕೆಲಸ. ಆ ಜಾಗದಲ್ಲಿ ಕನ್ನಡವನ್ನು ತಲೆ ಎತ್ತಿ ನಿಲ್ಲಿಸುವುದು ಕಣ್ಣಿನ ಕೆಲಸ, ಕೈಯ ಕೆಲಸ. ಅದನ್ನು ಯಾವ ಸರ್ಕಾರವೂ ನಮಗಾಗಿ ಮಾಡುವುದಿಲ್ಲ. ಹೊಸದಾಗಿ ಹಳ್ಳಿಯಿಂದ ಬಂದ ಅಜ್ಜಿ ರಸ್ತೆಯ ಈ ಬದಿ ನಿಂತು ಆ ಬದಿಯ ಆಸ್ಪತ್ರೆಯ ಹೆಸರನ್ನು ತಡವರಿಸದೆ ಓದಿದ ದಿನ ಆ ಶೇ. 60 ನಿಜವಾಗಿ ನಮ್ಮದಾಗುತ್ತದೆ. ಅಲ್ಲಿಯವರೆಗೆ ಅದು ಬರೀ ಅಳತೆ ಪಟ್ಟಿಯ ಲೆಕ್ಕ.

ಜೈ ಕನ್ನಡಾಂಬೆ! ಜೈ ಕರ್ನಾಟಕ!